ಕೆಪಾಸಿಟರ್ ಬದಲಿಸುವ ಮುನ್ನ: ಎಆರ್-3ಎ ಸ್ಪೀಕರಿನ ಕ್ರಾಸ್‌ಓವರ್ ದುರಸ್ತಿ

ಪ್ರಶ್ನೆ: ನಮ್ಮ ತಂದೆಯವರು ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ, 1968ರಲ್ಲಿ ಕೊಂಡ ಒಂದು ಜೊತೆ ಎಆರ್-3ಎ ಸ್ಪೀಕರುಗಳು ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿ ಇಪ್ಪತ್ತು ವರ್ಷ ಇದ್ದವು. ಈಗ ಇಳಿಸಿ ಕೇಳುತ್ತಿದ್ದೇನೆ. ಎಡದ ಪೆಟ್ಟಿಗೆಯ ದನಿ ಮಂಕಾಗಿದೆ; ತಂದೆಯವರು ಧ್ವನಿಮುದ್ರಿಸಿಟ್ಟ ಯಕ್ಷಗಾನದಲ್ಲಿ ಭಾಗವತರ ತಾಳದ ಕಿಣಿಕಿಣಿ ಅದರಲ್ಲಿ ಕೇಳುವುದೇ ಇಲ್ಲ. ಬಲದ ಪೆಟ್ಟಿಗೆಯ ಹಿಂದಿರುವ ಗುಂಡಿಯನ್ನು ತಿರುಗಿಸಿದರೆ ಕರಕರ ಸದ್ದು ಬರುತ್ತದೆ, ಒಮ್ಮೊಮ್ಮೆ ಹಾಡುಗಾರಿಕೆಯೇ ಮಾಯವಾಗುತ್ತದೆ. ವೂಫರಿನ (ಕೆಳಸ್ವರಗಳ ದೊಡ್ಡ ಸ್ಪೀಕರಿನ) ಅಂಚು ಬಟ್ಟೆಯದು, ಹರಿದಿಲ್ಲ. ವೂಫರ್ ಬಿಚ್ಚಿ, ಕೆಪಾಸಿಟರುಗಳು (ಕಂಡೆನ್ಸರುಗಳು) ಇದ್ದಲ್ಲೇ ಮಲ್ಟಿಮೀಟರ್ ಹಿಡಿದು ನೋಡಿದಾಗ, 6, 50 ಮತ್ತು 150 ಮೈಕ್ರೊಫ್ಯಾರಡ್ ಇರಬೇಕಾದವು 6.9, 61 ಮತ್ತು 178 ತೋರಿಸಿದವು. ಅಂಗಡಿಯವರು 6ರ ಬದಲು 6.8ರ ದುಬಾರಿ ಫಿಲ್ಮ್ ಕಂಡೆನ್ಸರ್ ಹಾಕಿದರೆ ಟ್ರೆಬಲ್ ಹೆಚ್ಚುತ್ತದೆ, 150ಕ್ಕೆ 330ರ ಎರಡು ಸಾಮಾನ್ಯ ಕಂಡೆನ್ಸರುಗಳನ್ನು ಬೆನ್ನಿಗೆ ಬೆನ್ನು ಸೇರಿಸಿದರೆ ಸಾಕು ಎನ್ನುತ್ತಾರೆ. ಎಲ್ಲವನ್ನೂ ಬದಲಿಸಬೇಕೆ? ಮಂಕಾದ ಪೆಟ್ಟಿಗೆಗೆ ಮಾತ್ರ ಸಾಕೆ?

ಉತ್ತರ: ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ, ನಿಮ್ಮ ಸ್ಪೀಕರಿನ ಮುಖ್ಯ ಕಾಯಿಲೆ ಕೆಪಾಸಿಟರಿನದಲ್ಲ, ಹಿಂಬದಿಯ ಗುಂಡಿಗಳದು. ಐವತ್ತು ವರ್ಷ ದಾಟಿದ ಕೆಪಾಸಿಟರುಗಳನ್ನು ಬದಲಿಸುವುದು ಒಳ್ಳೆಯದೇ. ಅದನ್ನು ಹೇಗೆ ಮಾಡಬೇಕೆಂದು ಕೆಳಗೆ ವಿವರವಾಗಿ ಬರೆದಿದ್ದೇನೆ. ಆದರೆ ಅದನ್ನೇ ಮೊದಲು ಮಾಡಿದರೆ, ಹಣ ಖರ್ಚಾಗಿ, ಬೆಸುಗೆಯೆಲ್ಲ ಮುಗಿದು, ಪೆಟ್ಟಿಗೆ ಮುಚ್ಚಿದ ಮೇಲೂ ಎಡಗಡೆಯ ತಾಳ ಕೇಳದೆ ಹೋಗುವ ಸಾಧ್ಯತೆ ಬಹಳ. ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನನಗೇ ಹಾಗೆ ಆಗಿದೆ. ಇದೇ ಮಾದರಿಯ ಒಂದು ಜೊತೆಗೆ ಆರೂ ಕೆಪಾಸಿಟರುಗಳನ್ನು ಹೊಸದಾಗಿ ಹಾಕಿದ ಮೇಲೂ ಮಿಡ್‌ರೇಂಜ್ (ನಡುಸ್ವರಗಳ ಸ್ಪೀಕರ್) ಸುಮ್ಮನಿತ್ತು. ಎರಡನೆಯ ಸಲ ವೂಫರ್ ಬಿಚ್ಚಿ ನೋಡಿದಾಗ ಗುಂಡಿಯ ಒಳಗೆ ಹಸಿರು ಕಿಲುಬು ಕಟ್ಟಿತ್ತು. ಅಂದಿನಿಂದ ಅಳೆಯದೆ ಒಂದು ತಂತಿಯನ್ನೂ ನಾನು ಕಳಚುವುದಿಲ್ಲ.

ನಿಮ್ಮ ಕೈಯಲ್ಲಿರುವ ವಸ್ತು ಎಂಥದು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ದುರಸ್ತಿಯ ರೀತಿ ಅದನ್ನೇ ಅವಲಂಬಿಸಿದೆ. ಬಾಸ್ಟನ್ನಿಗೆ ನದಿಯಾಚೆಗಿರುವ ಕೇಂಬ್ರಿಜ್‌ನಲ್ಲಿ 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿಯನ್ನು ಕಟ್ಟಿದರು. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಆಳವಾದ ಬಾಸ್ ಹೊರಡಿಸಬಹುದೆಂಬ ವಿಲ್ಚರ್ ಅವರ ಕಲ್ಪನೆಯ ಮೇಲೆ ಆ ಕಂಪನಿ ನಿಂತಿತ್ತು. 1958ರಲ್ಲಿ ಗುಮ್ಮಟದಾಕಾರದ ಮಿಡ್‌ರೇಂಜ್ ಮತ್ತು ಟ್ವೀಟರ್ ಇದ್ದ ಎಆರ್-3 ಬಂತು. ಅದನ್ನು ತಿದ್ದಿ 1967ರಲ್ಲಿ ಹೊರತಂದದ್ದೇ ಎಆರ್-3ಎ. ಇದರ 12 ಅಂಗುಲದ ವೂಫರ್ 575 ಹರ್ಟ್ಜ್‌ವರೆಗೆ, ಒಂದೂವರೆ ಅಂಗುಲದ ಮಿಡ್‌ರೇಂಜ್ ಅಲ್ಲಿಂದ 5000 ಹರ್ಟ್ಜ್‌ವರೆಗೆ, ಮುಕ್ಕಾಲು ಅಂಗುಲದ ಟ್ವೀಟರ್ ಅಲ್ಲಿಂದ ಮೇಲಕ್ಕೆ ಕೆಲಸ ಮಾಡುತ್ತವೆ. ಈ ಹಂಚಿಕೆಯನ್ನು ಮಾಡುವುದೇ ಕ್ರಾಸ್‌ಓವರ್. ಅದರಲ್ಲಿರುವುದು ಕೆಲವು ಕಾಯಿಲ್‌ಗಳು, ಮೂರು ಕೆಪಾಸಿಟರುಗಳು ಮತ್ತು ಮಿಡ್‌ರೇಂಜ್‌ಗೊಂದು, ಟ್ವೀಟರಿಗೊಂದು ಎಂಬಂತೆ ಎರಡು ಗುಂಡಿಗಳು.

ಮೂರು ಕೆಪಾಸಿಟರುಗಳ ಕೆಲಸ ಒಂದೇ ಅಲ್ಲ. 6 ಮೈಕ್ರೊಫ್ಯಾರಡಿನದು ಟ್ವೀಟರಿನ ದಾರಿಯಲ್ಲಿ ಕುಳಿತು ಕೆಳಗಿನ ಸ್ವರಗಳನ್ನು ತಡೆದು ಮೇಲಿನವನ್ನು ಮಾತ್ರ ಬಿಡುತ್ತದೆ. 50ರದು ಮಿಡ್‌ರೇಂಜ್‌ಗೆ ಅದೇ ಕಾವಲು ಕಾಯುತ್ತದೆ. 150ರದು ಮಾತ್ರ ಬೇರೆ ಬಗೆಯದು. ವೂಫರಿಗೆ ಹೋಗುವ ತಂತಿಯಲ್ಲಿ ಮೊದಲು ದೊಡ್ಡ ಕಾಯಿಲ್ ಇದ್ದು, ಅದನ್ನು ದಾಟಿದ ಮೇಲೆ ಈ ಕೆಪಾಸಿಟರ್ ವೂಫರಿಗೆ ಅಡ್ಡಲಾಗಿ, ಅದರ ಎರಡು ತುದಿಗಳ ನಡುವೆ ಕುಳಿತಿರುತ್ತದೆ. ಕಾಯಿಲನ್ನೂ ದಾಟಿ ಬಂದ ಮೇಲಿನ ಸ್ವರಗಳು ವೂಫರಿಗೆ ಹೋಗದೆ ಇದರ ಮೂಲಕ ಹಿಂತಿರುಗುತ್ತವೆ. ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳಿ. ಅಂಗಡಿಯವರ ಎರಡನೆಯ ಸಲಹೆಯನ್ನು ನಾನು ಏಕೆ ಒಪ್ಪುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ನಿಮ್ಮ ಅಳತೆಯ ವಿಷಯಕ್ಕೆ ಬರುತ್ತೇನೆ. ಕೆಪಾಸಿಟರಿನ ಎರಡೂ ಕಾಲುಗಳು ಬೆಸುಗೆಯಲ್ಲೇ ಇರುವಾಗ ಅಳೆದರೆ, ಮೀಟರಿಗೆ ಕಾಣುವುದು ಆ ಕೆಪಾಸಿಟರ್ ಒಂದೇ ಅಲ್ಲ. ಅದಕ್ಕೆ ಅಂಟಿಕೊಂಡ ಕಾಯಿಲ್, ಗುಂಡಿ ಮತ್ತು ಸ್ಪೀಕರುಗಳೂ ಕಾಣುತ್ತವೆ. ಆದ್ದರಿಂದ 6.9, 61, 178 ಎಂಬ ಅಂಕಿಗಳನ್ನು ಸದ್ಯಕ್ಕೆ ಬದಿಗಿಡಿ. ಒಂದು ಕಾಲನ್ನಾದರೂ ಬಿಡಿಸಿ ಮತ್ತೆ ಅಳೆಯಬೇಕು. ಆಗಲೂ ಸಾಮಾನ್ಯ ಮಲ್ಟಿಮೀಟರನ್ನು ಪೂರ್ತಿ ನಂಬಬೇಡಿ. ಅಂಥ ಹೆಚ್ಚಿನ ಮೀಟರುಗಳು ಕೆಪಾಸಿಟರಿಗೆ ವಿದ್ಯುತ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಲೆಕ್ಕ ಹಾಕಿ ಅದರ ಬೆಲೆ (ಎಷ್ಟು ಮೈಕ್ರೊಫ್ಯಾರಡ್ ಎಂಬುದು) ತೋರಿಸುತ್ತವೆ. ಹಳೆಯ ಕೆಪಾಸಿಟರಿನೊಳಗೆ ವಿದ್ಯುತ್ ಸೋರುತ್ತಿದ್ದರೆ ತುಂಬಲು ಹೆಚ್ಚು ಹೊತ್ತು ಬೇಕಾಗಿ, ಮೀಟರ್ ಅದನ್ನೇ ಹೆಚ್ಚಿನ ಬೆಲೆಯೆಂದು ತಿಳಿಯುತ್ತದೆ. ಹಳೆಯ ಕೆಪಾಸಿಟರಿನ ಬೆಲೆ ಏರಿದಂತೆ ಕಂಡರೆ ಅದು ಗಟ್ಟಿಯಾಗಿದೆ ಎಂದಲ್ಲ, ಸೋರುತ್ತಿದೆ ಎಂದು ಅನುಮಾನಿಸಬೇಕು. ಎಲ್‌ಸಿಆರ್ ಮೀಟರ್ (ಕಾಯಿಲ್, ಕೆಪಾಸಿಟರ್, ರೋಧಗಳನ್ನು ಅಳೆಯಲೆಂದೇ ಇರುವ ಉಪಕರಣ) ಸಿಕ್ಕರೆ 6ರದನ್ನು 1000 ಹರ್ಟ್ಜ್‌ನಲ್ಲಿ, ದೊಡ್ಡವೆರಡನ್ನು 100 ಅಥವಾ 120 ಹರ್ಟ್ಜ್‌ನಲ್ಲಿ ಅಳೆದು, ಬೆಲೆಯ ಜೊತೆಗೆ ಒಳರೋಧವನ್ನೂ ಬರೆದಿಟ್ಟುಕೊಳ್ಳಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಕೇಳಿದರೆ ಅರ್ಧ ಗಂಟೆಯ ಕೆಲಸ ಇದು.

ಈ ಕೆಪಾಸಿಟರುಗಳು ಕೆಡುವುದಾದರೂ ಏಕೆ? ಸ್ಪೀಕರಿನ ಹೆಚ್ಚು ಮೈಕ್ರೊಫ್ಯಾರಡಿನವು ಸಾಮಾನ್ಯವಾಗಿ ಧ್ರುವವಿಲ್ಲದ (ಧನ-ಋಣ ತುದಿಗಳ ಭೇದವಿಲ್ಲದ) ಇಲೆಕ್ಟ್ರೊಲಿಟಿಕ್ ಜಾತಿಯವು. ಎರಡು ಅಲ್ಯೂಮಿನಿಯಂ ಹಾಳೆಗಳ ಮೇಲೂ ತೆಳ್ಳನೆಯ ಆಕ್ಸೈಡ್ ಪೊರೆ ಬೆಳೆಸಿ, ನಡುವೆ ದ್ರಾವಣದಲ್ಲಿ ನೆನೆದ ಕಾಗದವಿಟ್ಟು ಸುರುಳಿ ಸುತ್ತಿರುತ್ತಾರೆ. ವರ್ಷಗಳು ಕಳೆದಂತೆ ಮುಚ್ಚಳದ ಸಂದಿನಿಂದ ದ್ರಾವಣ ಆವಿಯಾಗಿ ಹೋಗುತ್ತದೆ; ಕಾಗದ ಒಣಗಿದಷ್ಟೂ ಬೆಲೆ ಇಳಿಯುತ್ತದೆ, ಒಳರೋಧ ಏರುತ್ತದೆ. ಶಾಖ ಹತ್ತು ಡಿಗ್ರಿ ಹೆಚ್ಚಾದರೆ ಇವುಗಳ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ವೃತ್ತಿಯಲ್ಲಿ ಎಲ್ಲರೂ ಹಿಡಿಯುವ ಅಂದಾಜು. ಹೆಂಚಿನ ಕೆಳಗಿನ ಅಟ್ಟದಲ್ಲಿ ಇಪ್ಪತ್ತು ಬೇಸಿಗೆ ಎಂದರೆ ಏನೆಂದು ಕರಾವಳಿಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಮೇಣ ಹಿಡಿಸಿದ ರಟ್ಟಿನ ಡಬ್ಬಿಯಲ್ಲಿರುವವು ಒಣಗುವುದರ ಜೊತೆಗೆ ತೇವವನ್ನೂ ಹೀರಿ ಸೋರತೊಡಗುತ್ತವೆ. ನಾನು ತೆರೆದ ಕೆಲವು ಜೊತೆಗಳಲ್ಲಿ 50 ಮತ್ತು 150 ಎರಡೂ ಒಂದೇ ರಟ್ಟಿನ ಡಬ್ಬಿಯಲ್ಲಿದ್ದವು. ನಿಮ್ಮಲ್ಲಿಯೂ ಹಾಗಿದ್ದರೆ, ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆ ಎಂಬುದರ ಚಿತ್ರ ಬರೆದುಕೊಳ್ಳದೆ, ಫೋಟೊ ತೆಗೆಯದೆ ಕತ್ತರಿ ಹಾಕಬೇಡಿ.

ಇನ್ನು ಗುಂಡಿಗಳು. ಪೆಟ್ಟಿಗೆಯ ಹಿಂದೆ ಕಾಣುವ ಎರಡು ಗುಂಡಿಗಳೂ ಒಳಗೆ ತಂತಿ ಸುತ್ತಿದ ಪೊಟೆನ್ಶಿಯೊಮೀಟರುಗಳು, ಸುಮಾರು 15-16 ಓಮಿನವು. ಸುತ್ತಿದ ತಂತಿಯ ಮೇಲೆ ಲೋಹದ ಒಂದು ನಾಲಿಗೆ ಜಾರುತ್ತದೆ. ಮಿಡ್‌ರೇಂಜ್‌ಗೂ ಟ್ವೀಟರಿಗೂ ಹೋಗುವ ಸಂಕೇತವೆಲ್ಲ ಆ ನಾಲಿಗೆ ತಂತಿಯನ್ನು ಮುಟ್ಟುವ ಒಂದೇ ಬಿಂದುವಿನ ಮೂಲಕ ಹಾದುಹೋಗಬೇಕು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತ ನಾಲಿಗೆಯ ಕೆಳಗೆ ಕಿಲುಬು ಬೆಳೆದರೆ ಆ ಬಿಂದುವೇ ಮುಚ್ಚಿಹೋಗುತ್ತದೆ. ನೀವು ಹೇಳಿದ ಕರಕರ ಸದ್ದು ಮತ್ತು ಆಗಾಗ ಮಾಯವಾಗುವ ಹಾಡುಗಾರಿಕೆ ಇದರ ಖಚಿತ ಗುರುತು. ಕೆಪಾಸಿಟರ್ ಕೆಟ್ಟರೆ ದನಿ ನಿಧಾನವಾಗಿ, ವರ್ಷಗಳ ಮೇಲೆ ಬದಲಾಗುತ್ತದೆಯೇ ಹೊರತು ಗುಂಡಿ ಮುಟ್ಟಿದಾಗ ಬಂದು ಹೋಗುವುದಿಲ್ಲ.

ಎಡದ ಪೆಟ್ಟಿಗೆಯಲ್ಲಿ ಮೊದಲು ಹೊರಗಿನಿಂದಲೇ ಎರಡು ಪರೀಕ್ಷೆ ಮಾಡಿ. ಹಿಂಬದಿಯ ಮೂರು ತಿರುಪುಗಳಲ್ಲಿ ಎರಡನ್ನು ಜೋಡಿಸುವ ಸಣ್ಣ ಲೋಹದ ಪಟ್ಟಿ ಇದೆಯೇ, ಬಿಗಿಯಾಗಿ ಕೂತಿದೆಯೇ, ತುಕ್ಕು ಹಿಡಿದಿದೆಯೇ ನೋಡಿ. ಅದನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿಯುವುದರಿಂದಲೇ ದನಿ ಮರಳಿದ ಪೆಟ್ಟಿಗೆಗಳನ್ನು ನಾನು ಕಂಡಿದ್ದೇನೆ. ಬಳಿಕ ಮೆಲುದನಿಯಲ್ಲಿ ಸಂಗೀತ ಹಾಕಿ, ಟ್ವೀಟರಿನ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲಾದರೂ ಒಂದು ಕ್ಷಣ ತಾಳದ ಝೇಂಕಾರ ಕೇಳಿದರೆ ಟ್ವೀಟರ್ ಬದುಕಿದೆ, ದೋಷ ಗುಂಡಿಯದು ಎಂದು ತಿಳಿಯಿರಿ. ಏನೂ ಕೇಳದಿದ್ದರೆ ಟ್ವೀಟರಿನ ಒಂದು ತಂತಿಯನ್ನು ಸಂಪರ್ಕದಿಂದ ಬಿಡಿಸಿ ಅದರ ರೋಧ ಅಳೆಯಿರಿ. ಕೆಲವು ಓಮ್ ತೋರಿಸಿ, ಮೀಟರಿನ ಕಡ್ಡಿ ತಗುಲಿದ ಕ್ಷಣ ಮೆಲ್ಲನೆ ಟಿಕ್ ಎಂದರೆ ಸರಿಯಿದೆ. ಮೀಟರ್ ಏನನ್ನೂ ತೋರಿಸದಿದ್ದರೆ ಒಳಗಿನ ಸುರುಳಿ ಕಡಿದಿದೆ. ಆಗ ಎಂಥ ಕೆಪಾಸಿಟರ್ ತಂದು ಹಾಕಿದರೂ ಪ್ರಯೋಜನವಿಲ್ಲ. ಈ ಟ್ವೀಟರಿನ ಮುಖದ ಮೇಲೆ ಹಾದುಹೋಗುವ ತಂತಿಗಳು ತಲೆಕೂದಲಿನಷ್ಟೇ ತೆಳ್ಳಗಿರುತ್ತವೆ. ಅವುಗಳ ಹತ್ತಿರ ಬಟ್ಟೆ, ಬ್ರಷ್ಷು, ಬೆರಳು ಯಾವುದನ್ನೂ ಸುಳಿಯಗೊಡಬೇಡಿ.

ಗುಂಡಿಯನ್ನು ಹೊರತೆಗೆದ ಮೇಲೆ ಅದನ್ನು ಬಿಚ್ಚಿ ತೊಳೆಯುವುದು ಸಾಧ್ಯ. ಹಿಂದಿನ ಮುಚ್ಚಳ ತೆಗೆದಾಗ ಸುತ್ತಿನ ತಂತಿಯ ಮೇಲೆ ಮಂಕು ಪದರವೊಂದು, ನಾಲಿಗೆ ನಿಂತಿದ್ದ ಜಾಗದಲ್ಲಿ ಹಸಿರು-ಬಿಳಿ ಪುಡಿಯ ಸಣ್ಣ ಗುಪ್ಪೆಯೊಂದು ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿ, ಉಳಿದದ್ದನ್ನು ಅತಿ ನಯವಾದ ಉಪ್ಪುಕಾಗದದ ಚೂರಿನಿಂದ ಹಗುರವಾಗಿ ತೆಗೆಯಿರಿ; ತಂತಿ ಹೊಳೆಯುವವರೆಗೆ ಸಾಕು, ಸವೆಯುವವರೆಗೆ ಬೇಡ. ನಾಲಿಗೆಯನ್ನು ಸ್ವಲ್ಪವೇ ಒಳಕ್ಕೆ ಬಾಗಿಸಿದರೆ ಒತ್ತು ಮರಳುತ್ತದೆ. ಜೋಡಿಸಿದ ಮೇಲೆ ನಡುಕಾಲಿಗೂ ಒಂದು ತುದಿಗೂ ಮೀಟರ್ ಇಟ್ಟು ನಿಧಾನವಾಗಿ ತಿರುಗಿಸಿದಾಗ ಓಮ್ ಎಲ್ಲೂ ಜಿಗಿಯದೆ ಏರಬೇಕು. ಹೊರಗಿನಿಂದ ಕ್ಲೀನರ್ ಚಿಮ್ಮಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಅದರ ಗುಣ ಕೆಲವು ತಿಂಗಳಿಗಿಂತ ಹೆಚ್ಚು ಉಳಿದದ್ದನ್ನು ನಾನು ಕಂಡಿಲ್ಲ. ತಂತಿಯೇ ತಿಂದುಹೋಗಿದ್ದರೆ ಬದಲಿಸದೆ ವಿಧಿಯಿಲ್ಲ. ಆದರೆ ಮಾರುಕಟ್ಟೆಯ 8 ಓಮಿನ ಎಲ್-ಪ್ಯಾಡ್ (ದನಿ ತಗ್ಗಿಸುವ ಇನ್ನೊಂದು ಬಗೆಯ ಗುಂಡಿ) ಇದಕ್ಕೆ ನೇರ ಬದಲಿಯಲ್ಲ ಎಂಬುದು ಗೊತ್ತಿರಲಿ. ಹಳೆಯ ಗುಂಡಿಯೂ ಸ್ಪೀಕರೂ ಸೇರಿ ಕೆಪಾಸಿಟರಿಗೆ ತೋರಿಸುತ್ತಿದ್ದ ಹೊರೆಯೇ ಬೇರೆ, ಎಲ್-ಪ್ಯಾಡ್ ತೋರಿಸುವ ಹೊರೆಯೇ ಬೇರೆ. ಹೊರೆ ಬದಲಾದರೆ ಅದೇ ಕೆಪಾಸಿಟರ್ ಬೇರೆ ಕಡೆ ಸ್ವರಗಳನ್ನು ಕತ್ತರಿಸುತ್ತದೆ. ಹಳೆಯದನ್ನೇ ತೊಳೆದು ಬಳಸುವುದು ನನ್ನ ಮೊದಲ ಆಯ್ಕೆ.

ಅಂಗಡಿಯವರ ಮೊದಲ ಸಲಹೆಯನ್ನು ಲೆಕ್ಕ ಹಾಕಿ ನೋಡೋಣ. 4 ಓಮಿನ ಹೊರೆಯ ಮುಂದೆ 6 ಮೈಕ್ರೊಫ್ಯಾರಡ್ ಇದ್ದರೆ ಅದು ಸುಮಾರು 6630 ಹರ್ಟ್ಜ್‌ನಲ್ಲಿ ಕತ್ತರಿಸುತ್ತದೆ, 6.8 ಇದ್ದರೆ ಸುಮಾರು 5850ರಲ್ಲಿ. ಕಾಯಿಲ್ ಮತ್ತು ಗುಂಡಿಗಳನ್ನು ಸೇರಿಸಿದರೆ ನಿಜವಾದ ಅಂಕಿಗಳು ಬೇರೆಯಾಗುತ್ತವೆ, ಆದರೆ ಬದಲಾಗುವ ದಿಕ್ಕು ಇದೇ. ಅಂದರೆ 6.8 ಹಾಕಿದಾಗ ಟ್ರೆಬಲ್ ಹೆಚ್ಚಿದಂತೆ ಕೇಳುವುದು ಮೇಲಿನ ಸ್ವರಗಳು ಸುಧಾರಿಸಿದ್ದರಿಂದಲ್ಲ, ಟ್ವೀಟರ್ ಕೆಳಗಿಳಿದು ಮಿಡ್‌ರೇಂಜಿನ ಕೆಲಸಕ್ಕೆ ಕೈಹಾಕಿದ್ದರಿಂದ. ಎರಡೂ ಒಟ್ಟಿಗೆ ನುಡಿಯುವ ಆ ಭಾಗದಲ್ಲಿ ದನಿ ಗಡುಸಾಗುತ್ತದೆ. ಜೊತೆಗೆ ಮುಕ್ಕಾಲು ಅಂಗುಲದ ಆ ನಾಜೂಕು ಗುಮ್ಮಟಕ್ಕೆ, ಅದು ಹೊರಲೆಂದು ಮಾಡಿರದ ಶಕ್ತಿ ಬಂದು ಬೀಳುತ್ತದೆ. ಹೊಸ ಮೂಲ ಟ್ವೀಟರ್ ಇಂದು ಎಲ್ಲಿಯೂ ತಯಾರಾಗುವುದಿಲ್ಲ. ವಿನ್ಯಾಸ ಮಾಡಿದವರು 6 ಎಂದು ಬರೆದಿದ್ದರೆ 6ನ್ನೇ ಹಾಕಿ.

ಎರಡನೆಯ ಸಲಹೆ ಇನ್ನೂ ಅಪಾಯದ್ದು. ಧ್ರುವವಿರುವ ಎರಡು ಕೆಪಾಸಿಟರುಗಳ ಋಣ ತುದಿಗಳನ್ನು ಸೇರಿಸಿದರೆ ಧ್ರುವವಿಲ್ಲದ ಒಂದು ಕೆಪಾಸಿಟರ್ ಸಿಗುತ್ತದೆ, ಅದರ ಬೆಲೆ ಒಂದರ ಅರ್ಧ ಎಂಬುದು ನಿಜ. 330ರ ಎರಡು ಸೇರಿದರೆ 165 ಆಗುತ್ತದೆ, ಅಲ್ಲಿಗೇ ಹತ್ತು ಶೇಕಡಾ ತಪ್ಪಿತು. ಇಂಥ ಕೆಪಾಸಿಟರುಗಳಲ್ಲಿ ಇಪ್ಪತ್ತು ಶೇಕಡಾ ಏರುಪೇರು ಸಹಜವಾದ್ದರಿಂದ ನಿಜವಾಗಿ ಎಷ್ಟಿದೆ ಎಂಬುದು ಅಳೆದಾಗಲೇ ಗೊತ್ತಾಗುವುದು. ನನ್ನ ದೊಡ್ಡ ಆಕ್ಷೇಪ ಬೇರೆಯದು. ಸಂಗೀತದ ಸಂಕೇತ ಕ್ಷಣಕ್ಷಣವೂ ದಿಕ್ಕು ಬದಲಿಸುತ್ತದೆ, ಪ್ರತಿ ತಿರುವಿನಲ್ಲೂ ಇವೆರಡರಲ್ಲಿ ಒಂದರ ಮೇಲೆ ಉಲ್ಟಾ ಒತ್ತಡ ಬೀಳಲು ಹವಣಿಸುತ್ತದೆ. ಇದರಿಂದ ಆಕ್ಸೈಡ್ ಪೊರೆ ಸವೆದು, ಒಂದು ದಿನ ಒಳಗೇ ಶಾರ್ಟ್ ಆಯಿತೆನ್ನಿ. ಈ ಕೆಪಾಸಿಟರ್ ವೂಫರಿಗೆ ಅಡ್ಡಲಾಗಿದೆ ಎಂದು ಹೇಳಿದ್ದೆನಲ್ಲ. ಅದು ಶಾರ್ಟ್ ಆದರೆ ಆಂಪ್ಲಿಫೈಯರಿನ ಮುಂದೆ ಉಳಿಯುವುದು ಕಾಯಿಲಿನ ತಾಮ್ರದ ತಂತಿಯೊಂದೇ, ಒಂದು ಓಮಿಗಿಂತ ಕಡಿಮೆ. ಆಂಪ್ಲಿಫೈಯರ್ ಸುಡುವುದು ಹೀಗೆ. ಇದೇ ಕಾರಣಕ್ಕೆ, ಇನ್ನು ಮುಂದೆ ಈ ಪೆಟ್ಟಿಗೆಗಳನ್ನು ಆಂಪ್ಲಿಫೈಯರಿಗೆ ಜೋಡಿಸುವ ಮುನ್ನ ಪ್ರತಿ ಸಲ ಹಿಂದೆ ಆಂಪ್ಲಿಫೈಯರಿನ ತಂತಿ ಸಿಕ್ಕಿಸುವ ಎರಡು ತಿರುಪುಗಳ ನಡುವೆ ರೋಧ ಅಳೆಯಿರಿ; ಒಂದು ಓಮಿಗಿಂತ ಕಡಿಮೆ ತೋರಿಸಿದರೆ ಜೋಡಿಸಬೇಡಿ.

ಹಾಗಾದರೆ ಏನು ಹಾಕಬೇಕು? 6ರ ಜಾಗಕ್ಕೆ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ. ಅದರಲ್ಲಿ ಒಣಗುವ ದ್ರಾವಣವೇ ಇಲ್ಲ, ನಿಮ್ಮ ಮಕ್ಕಳ ಕಾಲಕ್ಕೂ ಅದು ಕೆಡುವುದಿಲ್ಲ. 50 ಮತ್ತು 150ಕ್ಕೆ ಧ್ರುವವಿಲ್ಲದ ಹೊಸ ಇಲೆಕ್ಟ್ರೊಲಿಟಿಕ್ ಹಾಕಿ. ಅವಕ್ಕೂ ಫಿಲ್ಮ್ ಹಾಕಬಹುದು, ಆದರೆ 150ರ ಫಿಲ್ಮ್ ಕೆಪಾಸಿಟರ್ ಮುಷ್ಟಿಗಾತ್ರದ್ದು, ದರವೂ ಹಾಗೆಯೇ, ಆ ಜಾಗದಲ್ಲಿ ಅದರಿಂದ ಕಿವಿಗೆ ಸಿಗುವ ಲಾಭ ನನಗೆ ಎಂದೂ ಕೇಳಿಸಿಲ್ಲ. ವೋಲ್ಟೇಜಿನ ವಿಷಯದಲ್ಲಿ ಗಾಬರಿ ಬೇಡ. 100 ವಾಟಿನ ಆಂಪ್ಲಿಫೈಯರ್ 4 ಓಮಿಗೆ ಕೊಡುವುದು 20 ವೋಲ್ಟ್, ಅದರ ಶಿಖರ 28. 63 ವೋಲ್ಟಿನವು ಸಾಕು, 100 ವೋಲ್ಟಿನವು ನೆಮ್ಮದಿ.

ಜರ್ಮನಿಯ ಮುಂಡೋರ್ಫ್, ಕೆನಡಾದ ಸೋಲೆನ್ ಮುಂತಾದವರು ಸ್ಪೀಕರಿಗೆಂದೇ ಮಾಡುವ ಕೆಪಾಸಿಟರುಗಳನ್ನು ತರಿಸಬಹುದು. ತರಿಸಲೇಬೇಕೆಂದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಧ್ರುವವಿಲ್ಲದವನ್ನು ಕೇಳುವಾಗ ಮೈಮೇಲೆ ಬಿಪಿ ಅಥವಾ ಎನ್‌ಪಿ ಎಂಬ ಗುರುತಿದೆಯೇ, ಋಣ ಗೆರೆ ಇಲ್ಲವೇ ಎಂದು ಕಣ್ಣಾರೆ ನೋಡಿ ಕೊಳ್ಳಿ. 50 ಮತ್ತು 150 ನೇರವಾಗಿ ಸಿಗದಿದ್ದರೆ ಚಿಂತೆಯಿಲ್ಲ. ಕೆಪಾಸಿಟರುಗಳನ್ನು ಪಕ್ಕಪಕ್ಕ, ಅಂದರೆ ಸಮಾಂತರವಾಗಿ ಸೇರಿಸಿದರೆ ಬೆಲೆಗಳು ಕೂಡುತ್ತವೆ. 47ಕ್ಕೆ 3.3 ಸೇರಿಸಿದರೆ 50.3. 100, 47 ಮತ್ತು 3.3 ಸೇರಿಸಿದರೆ 150.3. ಫಿಲ್ಮ್‌ನಲ್ಲಿ 3.3ಕ್ಕೆ 2.7 ಸೇರಿಸಿದರೆ ಸರಿಯಾಗಿ 6, 2.7 ಸಿಗದಿದ್ದರೆ 4.7, 1 ಮತ್ತು 0.33 ಸೇರಿಸಿ 6.03 ಮಾಡಿಕೊಳ್ಳಿ. ಬೇಕಾದ್ದಕ್ಕಿಂತ ನಾಲ್ಕಾರು ಹೆಚ್ಚು ಕೊಂಡು, ಎಲ್ಲವನ್ನೂ ಅಳೆದು, ಎರಡು ಪೆಟ್ಟಿಗೆಗಳ ಬೆಲೆ ಒಂದೆರಡು ಶೇಕಡಾ ಒಳಗೆ ಹೊಂದುವಂತೆ ಆರಿಸಿ. ಒಂದು ಪೆಟ್ಟಿಗೆಯಲ್ಲಿ 6.1, ಇನ್ನೊಂದರಲ್ಲೂ 6.1 ಇರುವುದು, ಒಂದರಲ್ಲಿ 6.0 ಇನ್ನೊಂದರಲ್ಲಿ 6.4 ಇರುವುದಕ್ಕಿಂತ ಮೇಲು. ಎರಡು ದನಿಗಳು ಹೊಂದಿದಾಗಲೇ ಹಾಡುಗಾರರು ನಡುವೆ ಬಂದು ಕೂರುವುದು.

ಸೀಲಿಂಗ್ ಫ್ಯಾನಿನ ಕಂಡೆನ್ಸರ್ ಹಾಕಬಹುದೇ ಎಂದು ಹಲವರು ಹಿಂಜರಿಯುತ್ತ ಕೇಳುತ್ತಾರೆ. ಹಿಂಜರಿಕೆ ಬೇಕಿಲ್ಲ. 2.5, 3.15, 4 ಮೈಕ್ರೊಫ್ಯಾರಡಿನ ಆ 440 ವೋಲ್ಟಿನ ಕಂಡೆನ್ಸರುಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಫಿಲ್ಮ್‌ನವೇ, ಧ್ರುವವಿಲ್ಲದವೇ, ಹಗಲಿರುಳು ಎಸಿ ವಿದ್ಯುತ್ತಿನಲ್ಲಿ ದುಡಿಯಲೆಂದೇ ಮಾಡಿದವು. 2.5ರ ಎರಡಕ್ಕೆ 1ರ ಫಿಲ್ಮ್ ಒಂದನ್ನು ಸೇರಿಸಿದರೆ 6 ಆಯಿತು. ಹೊಸದನ್ನೇ ಕೊಳ್ಳಿ, ಅಳೆದು ಹಾಕಿ. ಊರಿನ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಇಷ್ಟು ಒಳ್ಳೆಯ ವಸ್ತುವನ್ನು ಬಿಟ್ಟು ಹೊಳೆಯುವ ಹೊದಿಕೆಗೆ ಹತ್ತು ಪಟ್ಟು ಹಣ ಕೊಡಬೇಕಾಗಿಲ್ಲ.

ಫಿಲ್ಮ್ ಹಾಕಿದಾಗ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅದರ ಒಳರೋಧ ಬಹಳ ಕಡಿಮೆ. ಹಳೆಯ ಕೆಪಾಸಿಟರಿನಲ್ಲಿ ಅರ್ಧ ಓಮ್ ಒಳರೋಧವಿದ್ದು, ಅದು ಇದ್ದಕ್ಕಿದ್ದಂತೆ ಇಲ್ಲವಾದರೆ, 4 ಓಮಿನ ಟ್ವೀಟರ್ ಸುಮಾರು 1 ಡೆಸಿಬೆಲ್ ಜೋರಾಗುತ್ತದೆ. ಗುಂಡಿಯಿಲ್ಲದ ಸ್ಪೀಕರಾಗಿದ್ದರೆ ಸಣ್ಣ ರೆಸಿಸ್ಟರ್ ಒಂದನ್ನು ಸರಣಿಯಲ್ಲಿ ಸೇರಿಸಿ ಸರಿದೂಗಿಸಿ ಎನ್ನುತ್ತಿದ್ದೆ. ನಿಮ್ಮದರಲ್ಲಿ ಗುಂಡಿಯೇ ಇರುವುದರಿಂದ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ಹಳೆಯದರ ಒಳರೋಧ ಇಂದು ಎಷ್ಟಿದೆಯೋ ಅಷ್ಟೇ ರೆಸಿಸ್ಟರ್ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ, ಇಂದು ಅಳೆದದ್ದು ಮುಪ್ಪಿನ ಅಳತೆ, 1968ರ ಅಳತೆಯಲ್ಲ.

ಕೆಲಸ ಮಾಡುವ ರೀತಿಯ ಬಗ್ಗೆ ಕೆಲವು ಮಾತು. ಪೆಟ್ಟಿಗೆಯೊಂದರ ತೂಕ ಸುಮಾರು 24 ಕಿಲೊ, ಆದ್ದರಿಂದ ನೆಲದ ಮೇಲೆ ಕಂಬಳಿ ಹಾಸಿ, ಮುಖ ಮೇಲಾಗಿ ಮಲಗಿಸಿ, ಇನ್ನೊಬ್ಬರ ನೆರವಿನಿಂದ ಮಾಡಿ. ವೂಫರಿನ ತಿರುಪುಗಳನ್ನು ತೆಗೆದ ಮೇಲೆ ಅದನ್ನು ಅಂಚಿನಿಂದ ಮೆಲ್ಲನೆ ಎಬ್ಬಿಸಿ. ಸ್ಕ್ರೂಡ್ರೈವರ್ ಜಾರಿದರೆ ಕಾಗದದ ಕೋನ್ ತೂತಾಗುತ್ತದೆ, ಆಯಸ್ಕಾಂತ ಅದನ್ನು ತನ್ನತ್ತ ಎಳೆಯುತ್ತಲೂ ಇರುತ್ತದೆ. ಒಳಗಿನ ತುಂಬುವಿಕೆ ಗಾಜಿನ ಎಳೆ ಅಥವಾ ಕಲ್ಲುಣ್ಣೆಯದು. ಮುಖಕ್ಕೆ ಮಾಸ್ಕ್, ಕೈಗೆ ಗ್ಲವ್ಸ್, ತುಂಬುತೋಳಿನ ಅಂಗಿ ಹಾಕಿಯೇ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ. ಎಷ್ಟಿತ್ತೋ ಅಷ್ಟನ್ನೇ ಹಿಂದಿರುಗಿಸಬೇಕು, ಬಾಸಿನ ಗುಣ ಅದರ ಪ್ರಮಾಣವನ್ನೂ ಅವಲಂಬಿಸಿದೆ. ಎರಡು ಪೆಟ್ಟಿಗೆಯದನ್ನು ಬೆರೆಸಬೇಡಿ. ಹಳೆಯ ಜೋಡಣೆಗಳ ದಪ್ಪ ತಂತಿಗೆ 25 ವಾಟಿನ ಸೋಲ್ಡರಿಂಗ್ ಐರನ್ ಸಾಲದು, 60 ವಾಟಿನದು ಬೇಕು. ತಂತಿಯನ್ನು ಮೊದಲು ಸುತ್ತಿ ಬಿಗಿದು, ಆಮೇಲೆ ಬೆಸುಗೆ ಹಾಕಿ. ಹೊಸ ಕೆಪಾಸಿಟರುಗಳು ಅಲುಗಾಡದಂತೆ ಕಟ್ಟಿ ಅಂಟಿಸಬೇಕು, ಇಲ್ಲದಿದ್ದರೆ ಚಂಡೆಯ ಹೊಡೆತಕ್ಕೆ ಒಳಗಿನಿಂದ ತಾವೂ ಸದ್ದು ಮಾಡುತ್ತವೆ. ಅಂಟಿಗೆ ಸಿಲಿಕೋನ್ ಬಳಸುವುದಾದರೆ ವಿನೆಗರಿನ ವಾಸನೆ ಬರುವ ಬಗೆಯದು ಬೇಡ, ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕಾಯಿಲ್‌ಗಳನ್ನು ಇದ್ದ ಜಾಗದಿಂದ ಸರಿಸಬೇಡಿ, ಅವುಗಳ ನಡುವಿನ ತೂತಿನಲ್ಲಿ ಕಬ್ಬಿಣದ ತಿರುಪು ಕೂರಿಸಬೇಡಿ; ಕಬ್ಬಿಣ ಹೊಕ್ಕರೆ ಕಾಯಿಲಿನ ಬೆಲೆಯೇ ಬದಲಾಗುತ್ತದೆ. ತೆಗೆದ ಹಳೆಯ ಕೆಪಾಸಿಟರುಗಳನ್ನು ಕುತೂಹಲಕ್ಕಾಗಿ ಸೀಳಿ ನೋಡುವುದು ಬೇಡ. ಆ ಕಾಲದ ಎಣ್ಣೆ ತುಂಬಿದ ಕೆಲವು ಲೋಹದ ಡಬ್ಬಿಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುತ್ತಿತ್ತು, ಹೊರಗಿನಿಂದ ನೋಡಿ ಅದನ್ನು ಗುರುತಿಸಲಾಗದು.

ಬಟ್ಟೆಯ ಅಂಚು ಹರಿದಿಲ್ಲ ಎಂದು ಬರೆದಿದ್ದೀರಿ, ಅದು ದೊಡ್ಡ ಭಾಗ್ಯ. ಮುಂದಿನ ವರ್ಷಗಳ ಎಆರ್-3ಎಯಲ್ಲಿ ಬಂದ ಫೋಮ್ ಅಂಚುಗಳು ಪುಡಿಯಾಗಿ ಉದುರುತ್ತವೆ. ಆದರೆ ಬಟ್ಟೆಗೆ ಬಳಿದ ಲೇಪ ಒಣಗಿ ಗಾಳಿ ಸೋರುವುದುಂಟು. ವೂಫರನ್ನು ಮತ್ತೆ ಕೂರಿಸಿ, ಅಂಚಿನ ಸುತ್ತ ಮೆತ್ತನೆಯ ಪುಟ್ಟಿ ಒತ್ತಿ ತಿರುಪು ಬಿಗಿದ ಬಳಿಕ, ಕೋನನ್ನು ಎರಡೂ ಕಡೆ ಬೆರಳಿಟ್ಟು ಸಮವಾಗಿ ಒಳಕ್ಕೆ ಒತ್ತಿ ಬಿಡಿ. ಅದು ಒಂದೆರಡು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಮೇಲೆ ಬಂದರೆ ಪೆಟ್ಟಿಗೆ ಗಾಳಿ ಹಿಡಿದಿದೆ. ತಕ್ಷಣ ಚಿಮ್ಮಿ ಬಂದರೆ ಎಲ್ಲೋ ಸೋರಿಕೆಯಿದೆ. ಪುಟ್ಟಿಯೂ ಗುಂಡಿಗಳ ಸುತ್ತಲೂ ಸರಿಯಿದ್ದರೆ ಬಟ್ಟೆಗೆ ಮರುಲೇಪನ ಬೇಕು. ಗಾಳಿಯೇ ಸ್ಪ್ರಿಂಗ್ ಆಗಿರುವ ಸ್ಪೀಕರಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ನಿಮ್ಮ ಕೊನೆಯ ಪ್ರಶ್ನೆ, ಒಂದೇ ಪೆಟ್ಟಿಗೆಗೆ ಸಾಕೇ ಎಂಬುದು. ಸಾಲದು, ಎರಡಕ್ಕೂ ಮಾಡಬೇಕು. ಆದರೆ ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಮೊದಲು ಎರಡೂ ಪೆಟ್ಟಿಗೆಗಳ ಗುಂಡಿಗಳನ್ನು ತೊಳೆದು ಜೋಡಿಸಿ ಒಂದು ವಾರ ಕೇಳಿ. ತಾಳವೂ ಹಾಡುಗಾರಿಕೆಯೂ ಮರಳಿದ್ದರೆ ನಿಮ್ಮ ದೂರು ಅಲ್ಲಿಗೇ ಬಹುಪಾಲು ತೀರಿದಂತೆ. ಆಮೇಲೆ ಎಡದ ಪೆಟ್ಟಿಗೆಗೆ ಮಾತ್ರ ಹೊಸ ಕೆಪಾಸಿಟರುಗಳನ್ನು ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು, ಆಂಪ್ಲಿಫೈಯರನ್ನು ಮೋನೊಗೆ ತಿರುಗಿಸಿ, ಬ್ಯಾಲೆನ್ಸ್ ಗುಂಡಿಯಿಂದ ಒಮ್ಮೆ ಹಳೆಯದನ್ನು ಒಮ್ಮೆ ಹೊಸದನ್ನು ಕೇಳಿ. ತಂಬೂರಿಯ ಶ್ರುತಿ ಒಂದೇ ಇರುವ ಧ್ವನಿಮುದ್ರಣ ಇದಕ್ಕೆ ಬಲು ಚೆನ್ನ: ಜೀವಾಳಿಯಿಂದ ಏಳುವ ಆ ಮೇಲಿನ ನಾದಗಳ ಎಳೆ ಎರಡರಲ್ಲೂ ಒಂದೇ ಎತ್ತರದಲ್ಲಿ ತೇಲುತ್ತಿದೆಯೇ, ಒಂದರಲ್ಲಿ ಮಂದವಾಗಿದೆಯೇ ಎಂದು ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಭೇದ ಕೇಳಿದರೆ ಅದು ಏನೆಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಬಲದ್ದಕ್ಕೆ ಕೈಹಾಕಿ. ಎರಡೂ ಮುಗಿದ ಮೇಲೆ ಗುಂಡಿಗಳನ್ನು ಕಾರ್ಖಾನೆಯವರು ಇಟ್ಟ ಬಿಳಿ ಚುಕ್ಕೆಯ ಗುರುತಿಗೆ ತಂದು, ಅಲ್ಲಿಂದ ನಿಮ್ಮ ಕೋಣೆಗೆ ಒಪ್ಪುವಷ್ಟು ಮಾತ್ರ ಆಚೀಚೆ ಮಾಡಿ, ತಂದೆಯವರ ಯಕ್ಷಗಾನದ ಆ ಧ್ವನಿಮುದ್ರಣವನ್ನು ಮತ್ತೆ ಹಾಕಿ ಕೇಳಿ.